ಪೇರಳೆ ಎಲೆಯ ರಸ

ಪಾಣೆಮಂಗಳೂರು
ಭಾನುವಾರ

ಪ್ರೀತಿಯ ಸುರಕ್ಷಾ,

ಬೆಳ್ಳಿಯ ದ್ರಾವಣಕ್ಕೆ ನಾನು ಕಳುಹಿಸಿದ ಪೇರಳೆ ಎಲೆಯ ರಸ ಹಾಕಿದರೂ ಕಂದು ಬಣ್ಣ ಬರುತ್ತಿಲ್ಲವೆಂದು ನಿನ್ನೆ ಫೋನಿನಲ್ಲಿ ನೀನು ಅಳುತ್ತಿದ್ದೆ. “ಉಮ್ಮ, ಮೂರನೇ ಸಲವೂ ಬೆಳ್ಳಗಾಯ್ತು. ನನ್ನದೇ ಏನೋ ತಪ್ಪು ಉಂಟು.”

ತಪ್ಪು ನಿನ್ನದಲ್ಲ. ನನ್ನ ಆಫ್ರಾ ಈ ಎಲೆ ಕುದಿಸುತ್ತಿದ್ದದ್ದು ಮೂಡುಬಿದಿರೆಯ ನಿಮ್ಮ ಲ್ಯಾಬಿನಿಂದ ತಂದ ಡಿಸ್ಟಿಲ್ಡ್ ನೀರಿನಲ್ಲಿ. ಅವಳು ತೀರಿಕೊಂಡ ಮೇಲೆ ನಾನು ನಲ್ಲಿ ನೀರಿನಲ್ಲಿ ಕುದಿಸಿದೆ. ಅದರ ಕ್ಲೋರಿನ್ ತಾಗಿದರೆ ದ್ರಾವಣ ಬೆಳ್ಳಗಾಗಿ ಕೆಡುತ್ತದೆಂದು ಅವಳು ನೂರು ಸಲ ಹೇಳಿದ್ದಳು. ಗೊತ್ತಿದ್ದೇ ಮಾಡಿದೆ.

ಊಟಕ್ಕೆ ಕುಳಿತರೆ ಅವಳಿಗೆ ನಿನ್ನದೇ ಮಾತು. “ಬಣ್ಣ ಬಂದಾಗ ನಾನೂ ಸುರಕ್ಷಾಳೂ ಕುಣಿದದ್ದು ನೀವು ನೋಡ್ಬೇಕಿತ್ತು ಉಮ್ಮ!” ಮಗಳ ಆ ಸಂತೋಷ ನನಗೆ ಕೇಳಲು ಮಾತ್ರ ಸಿಕ್ಕಿತು, ನೋಡಲು ಸಿಕ್ಕಿದ್ದು ನಿನಗೆ. ಅವಳಿಲ್ಲದೆ ನಿನಗೆ ಆ ಬಣ್ಣ ಬರಬಾರದು ಅನಿಸಿತು.

ಆದರೆ ಆ ಕಂದು ಬಣ್ಣ ಕೊಡುವ ಬೆಳ್ಳಿಯ ನ್ಯಾನೋ ಕಣಗಳಿಂದ ಬಾವಿ ನೀರಿನ ಪಾದರಸ ಕಂಡುಹಿಡಿಯುವುದು ಅವಳು ಹಿಡಿದ ಕೆಲಸ. ಅದು ಅರ್ಧಕ್ಕೆ ನಿಂತರೆ ಅವಳ ಹೆಸರು ಎಲ್ಲಿಯೂ ಉಳಿಯುವುದಿಲ್ಲ.

ಬುಧವಾರ ಸರಿಯಾದ ನೀರಿನಲ್ಲಿ ಕುದಿಸಿದ ರಸ ತರುತ್ತೇನೆ. ನಾನು ಬರುವವರೆಗೆ ದ್ರಾವಣ ಮುಟ್ಟಬೇಡ. ರಸ ನಾನೇ ಹಾಕುತ್ತೇನೆ. ಬಣ್ಣ ಬರುವಾಗ ಮೊದಲು ನಾನು ನೋಡಬೇಕು, ನೀನು ಸ್ವಲ್ಪ ಹಿಂದೆ ನಿಲ್ಲು.

ಆಫ್ರಾಳ ಉಮ್ಮ,
ಝುಲೇಖಾ