ಕಪ್ಪಾಗೇ ಉಳಿದ ಗಾಜು

ಮಾದಪ್ಪ ಮಾಮಾ,

ಸೇಲಂನ ಕಾಲೇಜಿನ ಲ್ಯಾಬಿಗೆ ನಾನು ಬಂದ ಮೊದಲ ದಿನ, ಅಲ್ಲಿನ ಮೆಷಿನುಗಳನ್ನು ನೋಡಿಕೊಳ್ಳುತ್ತಿದ್ದ ನೀವು ನನ್ನ ಕನ್ನಡ ಬೆರೆತ ತಮಿಳು ಕೇಳಿ ನಕ್ಕಿರಿ. "ಪಾಲಮಲೆ ಕಡೆಯವಳಾ ಕಣ್ಣು? ನಂದು ಪೆನ್ನಾಗರಂ. ಕನ್ನಡದಾಗೇ ಮಾತಾಡು" ಅಂದಿರಿ. ಅವತ್ತಿಂದ ನೀವು ನನಗೆ ಮಾಮ, ನಾನು ನಿಮಗೆ ಕಣ್ಣು. ಬಿಸಿಲಿಂದ ಕರೆಂಟು ಮಾಡುವ ಆ ಕಪ್ಪು ವಸ್ತುವಿನ ಹೆಸರು, ಪೆರೋವ್‌ಸ್ಕೈಟ್, ನಿಮ್ಮ ನಾಲಿಗೆಗೆ ಹತ್ತಲೇ ಇಲ್ಲ. ಆದರೆ ಗಿರಗಿರ ತಿರುಗುವ ಗಾಜಿನ ಮೇಲೆ ಅದರ ದ್ರಾವಣವನ್ನು ಒಂದೇ ಸಮನೆ, ಕನ್ನಡಿಯಂತೆ ಹರಡೋದನ್ನು ಕಲಿಸಿದವರು ನೀವೇ ಅಲ್ಲವಾ?

ನೆನಪಿದೆಯಾ, ನನ್ನ ಸೋಲಾರ್ ಸೆಲ್‌ಗಳು ಬಿಸಿ ಮತ್ತು ತೇವದ ಪರೀಕ್ಷೆಯ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇದ್ದೂ ಕಪ್ಪಾಗೇ ಹೊರಬಂದ ದಿನ? ಅಲ್ಲಿಯವರೆಗೆ ಮಾಡಿದ್ದೆಲ್ಲ ತೇವ ತಾಗಿ ಅರಿಶಿನದ ಹಾಗೆ ಹಳದಿಯಾಗಿತ್ತು. ನಾನು ಇಡೀ ಲ್ಯಾಬಿಗೆ ಸಿಹಿ ಹಂಚಿದೆ. ನೀವು ತಿನ್ನಲಿಲ್ಲ. ಪೆಟ್ಟಿಗೆಯ ಹಿಂದೆ ಕೂತು ನೀರಿನ ಕೊಳವೆ ಬಿಚ್ಚಿದಿರಿ. ಅದು ಕಟ್ಟಿಕೊಂಡಿತ್ತು, ಒಳಗೆ ತೇವವೇ ಇರಲಿಲ್ಲ. ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಸೀದಾ ಪ್ರೊಫೆಸರ್ ಹತ್ತಿರ ಹೋಗಿ, ಕೊಳವೆ ನೋಡದೆ ಬಿಟ್ಟದ್ದು ನನ್ನ ತಪ್ಪು, ಹುಡುಗಿಯದಲ್ಲ ಅಂದಿರಿ. ಒಂದು ವಾರ ನಿಮ್ಮ ಜೊತೆ ಮಾತಾಡಲಿಲ್ಲ ನಾನು. ಅದನ್ನು ನೆನೆದರೆ ಈಗಲೂ...

ಮತ್ತೆ ಮೊದಲಿಂದ ಶುರು ಮಾಡಿದೆವು. ಪೊಂಗಲ್ ದಿನವೂ ನೀವು ಊರಿಂದ ಬಸ್ಸು ಹತ್ತಿ ಬಂದು, ನೀರು ನೋಡಿ ಹೋದಿರಿ. "ಸುಳ್ಳು ಗಾಜು ಮಳೆಗೆ ನಿಲ್ಲಲ್ಲ ಕಣ್ಣು. ನಿಂದು ನಿಲ್ತೈತೆ" ಅಂದಿರಿ. ಆ ಪರೀಕ್ಷೆ ಮುಗಿಯುವ ಮುಂಚೆಯೇ ಎದೆನೋವು ಬಂದು ನೀವು ಹೋಗಿಬಿಟ್ಟಿರಿ.

ಈಗ ಕೇಳಿ ಮಾಮಾ. ಪೆಟ್ಟಿಗೆ ತೆಗೆಯುವ ಮೊದಲು ನಾನು ಕೊಳವೆ ನೋಡಿದೆ. ನೀರು ಹರಿಯುತ್ತಿತ್ತು. ಗಾಜು ಕಪ್ಪಾಗೇ ಇತ್ತು. ಬಿಸಿಲಿಗಿಟ್ಟರೆ ಕರೆಂಟು ಹೆಚ್ಚುಕಡಿಮೆ ಮೊದಲಿನಷ್ಟೇ ಬಂತು. ನಮ್ಮ ಲೇಖನ ಅಚ್ಚಾಗಿದೆ, ನನ್ನ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರು. ಡಿಗ್ರಿ ಇಲ್ಲದವರ ಹೆಸರು ಯಾಕೆ ಅಂತ ಯಾರೋ ಕೇಳಿದ್ದಕ್ಕೆ, ಕೆಲಸ ಮಾಡಿದ್ದು ಡಿಗ್ರಿಯಾ ಅಂತ ಪ್ರೊಫೆಸರೇ ತಿರುಗಿ ಕೇಳಿದರು.

ಹೋದ ಭಾನುವಾರ ಆ ಲೇಖನವನ್ನು ನಿಮ್ಮ ಮನೆಗೆ ತಗೊಂಡು ಹೋಗಿದ್ದೆ. ಅತ್ತೆ ಆ ಇಂಗ್ಲಿಷ್ ಅಕ್ಷರಗಳ ಮೇಲೆ ಬೆರಳಾಡಿಸಿ, "ಅವ್ರು ಟೆನ್ತ್ ಫೇಲು ಅಂತಾನೂ ಬರ್ದೈತಾ?" ಅಂತ ಕೇಳಿದರು.

ಇಲ್ಲ ಅತ್ತೆ, ಹೆಸರು ಮಾತ್ರ ಅಂದೆ.

ಹಾಳೆಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು. ಆಮೇಲೆ, "ಅಂಗಾದ್ರೆ ಫ್ರೇಮ್ ಆಕ್ಸು" ಅಂದರು.

ಹಾಕಿಸ್ತೀನಿ ಮಾಮಾ.

ನಿಮ್ಮ,
ಕನಕ