ಆಯಿ ನೋಡದ ಲಿಸ್ಬನ್

ಇಂಡಿ, ವಿಜಯಪುರ ಜಿಲ್ಲೆ
ಎರಡು ಸಾವಿರದ ನೂರಾ ಅರವತ್ತೊಂದನೇ ಇಸವಿ, ಫೆಬ್ರವರಿ ಮೂವತ್ತು

ನೂರು ವರ್ಷಕ್ಕೂ ಹಿಂದೆ ಇದ್ದು, ಕಾರಿನಲ್ಲಿ ಪರದೇಶ ಸುತ್ತಲು ಹೊರಟಿರುವ ಹಿರಿಯರಿಗೆ,

ತಾರೀಖು ತಪ್ಪಾಗಿದೆ ಎಂದು ತಿಳಿಯಬೇಡಿ. ನಮ್ಮ ಪಂಚಾಂಗದಲ್ಲಿ ಫೆಬ್ರವರಿಗೂ ಮೂವತ್ತು ದಿನ. ಕೆಲವು ಮಾತುಗಳು ನಿಮಗೆ ವಿಚಿತ್ರ ಎನಿಸಿದರೆ ಮನ್ನಿಸಿ. ಕೈಗಾಡಿ ಎಂದರೆ ನಿಮಗೆ ತರಕಾರಿ ಮಾರುವವರು ತಳ್ಳುವ ಗಾಡಿ. ನಮಗೆ ಅದು ಮನುಷ್ಯರೇ ಕೂತು ಓಡಿಸುವ ಕಾರು. ಉಳಿದ ಗಾಡಿಗಳೆಲ್ಲ ಸೆಳೆದಾರಿಯಲ್ಲಿ ಹೋಗುತ್ತವೆ. ಒಳಗೆ ಕೂತರೆ ಸಾಕು, ದಾರಿಯೇ ಎಳೆದುಕೊಂಡು ಹೋಗಿ ದೊಡ್ಡ ಊರಿಗೆ ಮುಟ್ಟಿಸುತ್ತದೆ, ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಸಣ್ಣ ಊರು ನೋಡಬೇಕಾದರೆ ಕೈಗಾಡಿಯೇ ಬೇಕು. ಅದನ್ನು ಓಡಿಸಲು ಬಿಡುವ ದೇಶಗಳು ಈಗ ಬೆರಳೆಣಿಕೆಯಷ್ಟು.

ನಾನು ಚಿಕ್ಕವಳಿದ್ದಾಗ ನನ್ನ ತಾಯಿಯ ತಂದೆ ಸಿದ್ರಾಮಪ್ಪ ಮುತ್ಯಾ ಮತ್ತು ನನ್ನ ಅಜ್ಜಿ ನೀಲವ್ವ ಆಯಿ ನನ್ನನ್ನು ಪೋರ್ಚುಗಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಕೈಗಾಡಿ ಬಾಡಿಗೆಗೆ ಪಡೆಯುವವರು ಊರುತೂಕ ಎಂಬ ನೇಮಕ್ಕೆ ಒಪ್ಪಬೇಕಿತ್ತು. ದೊಡ್ಡ ಊರಲ್ಲಿ ಎಷ್ಟು ರಾತ್ರಿ ಉಳಿಯುತ್ತೀರೋ ಸಣ್ಣ ಊರಲ್ಲೂ ಅಷ್ಟಾದರೂ ಉಳಿಯಬೇಕು, ಇಲ್ಲವಾದರೆ ಸಣ್ಣ ಊರಿನ ಒಲೆಗಳು ಆರಿಹೋಗುತ್ತವೆ ಎನ್ನುತ್ತಿದ್ದರು. ಮುತ್ಯಾನಿಗೆ ಈ ನೇಮ ಬಹಳ ಹಿಡಿಸಿತು. ಆಯಿಗೆ ಹಿಡಿಸಲಿಲ್ಲ. ಅವಳಿಗೆ ಬೇಕಾಗಿದ್ದುದು ಲಿಸ್ಬನ್. ಗುಡ್ಡ ಹತ್ತುವ ಹಳದಿ ಟ್ರಾಮು, ಸಮುದ್ರದಂಥ ನದಿ, ಯಾರೂ ಯಾರನ್ನೂ ಗುರುತಿಸದಷ್ಟು ಜನ. ಇವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬ ಆಸೆ ಅವಳಿಗೆ ಮದುವೆಗೂ ಮೊದಲಿನಿಂದ ಇತ್ತು.

"ಸಣ್ಣ ಊರು ನೋಡಾಕ ಸಮುದ್ರ ದಾಟಿ ಬರಬೇಕೇನ್ರಿ? ನಮ್ಮ ಇಂಡಿ ಏನು ಸಾಕಾಗುವಷ್ಟು ಸಣ್ಣದಿಲ್ಲೇನು?" ಎಂದು ಅವಳು ಕೇಳಿದ್ದು ನನಗೆ ನೆನಪಿದೆ.

ಕೊನೆಗೆ ಇಬ್ಬರೂ ಒಂದು ಮಾತಿಗೆ ಒಪ್ಪಿಕೊಂಡರು, ಮೊದಲು ಸಣ್ಣ ಊರುಗಳು, ಕಡೆಯ ಎರಡು ರಾತ್ರಿ ಲಿಸ್ಬನ್ ಎಂದು.

ಹಾಗೆ ನಾವು ಸೆರ್ದಾಲ್ ಎಂಬ ಊರಲ್ಲಿ ಇಳಿದೆವು. ಸುಣ್ಣ ಬಳಿದ ಗೋಡೆಗಳು, ಬುಡದಲ್ಲಿ ನೀಲಿ ಪಟ್ಟಿ. ಕಟ್ಟೆಯ ಮೇಲೆ ಕೂತ ಮುದುಕರು ನಮ್ಮ ಗಾಡಿ ಕಂಡ ಕೂಡಲೇ ಕೈ ಎತ್ತುತ್ತಿದ್ದರು, ಏಕೆಂದರೆ ಕೈಗಾಡಿಯಲ್ಲಿ ಕೈ ಎತ್ತಿ ಮಾತನಾಡಿಸಲು ಒಂದು ಮುಖವಿರುತ್ತದೆ. ನಾವು ಇಳಿದುಕೊಂಡ ಮನೆಯ ಒಡತಿ ಆಲ್ಬರ್ಟೀನಾ ಒಂಟಿ ಮುದುಕಿ. ಆಯಿ ಕೊಟ್ಟ ಶೇಂಗಾ ಚಟ್ನಿಯನ್ನು ಬಿಸಿ ಬ್ರೆಡ್ಡಿಗೆ ಹಚ್ಚಿ ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ತಿಂದಳು. ಸಂಜೆಯ ಹೊತ್ತಿಗೆ ಅಡುಗೆಮನೆ ಇಬ್ಬರದೂ ಆಗಿತ್ತು.

ಹೊರಡುವಾಗ ಆಯಿ, ನಮ್ಮ ಕಡೆಯ ಎಲ್ಲರೂ ಹೇಳುವಂತೆ, "ಹೋಗಿ ಬರತೇವ್ರಿ" ಎಂದಳು. ನಮ್ಮ ಕಿವಿಯಲ್ಲಿ ಒಂದು ಮಣಿ ಇರುತ್ತದೆ, ಒಬ್ಬರ ನುಡಿಯನ್ನು ಇನ್ನೊಬ್ಬರ ನುಡಿಗೆ ತಿರುಗಿಸುತ್ತದೆ, ದೂರದಲ್ಲಿರುವವರ ದನಿಯನ್ನೂ ಮುಟ್ಟಿಸುತ್ತದೆ. ಕಿವಿಮಣಿ ಆ ಮಾತನ್ನು ಇದ್ದದ್ದು ಇದ್ದಂತೆಯೇ ತಿರುಗಿಸಿತು. ಹೋಗುತ್ತೇವೆ, ಮರಳಿ ಬರುತ್ತೇವೆ ಎಂದು. ಆಲ್ಬರ್ಟೀನಾ ಆಯಿಯ ಎರಡೂ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಮರುದಿನ, ದಾಟಿದರೆ ಲಿಸ್ಬನ್ ಕಾಣುವ ಕೊನೆಯ ದಿಬ್ಬದ ಬುಡದಲ್ಲಿ ಗಾಡಿ ನಿಲ್ಲಿಸಿದ್ದೆವು. ಆಯಿ ದಾರಿಯಲ್ಲೇ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಆಗ ಕಿವಿಮಣಿಯಲ್ಲಿ ಆಲ್ಬರ್ಟೀನಾಳ ದನಿ ಬಂತು. ಬೇರೆಯವರು ಬಂದು ಕೇಳಿದ್ದಾರೆ, ಕೋಣೆ ಕೊಟ್ಟಿಲ್ಲ, ಅವರೆಕಾಳು ನೆನೆಹಾಕಿದ್ದೇನೆ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಕೇಳುತ್ತಿದ್ದಳು.

ಮುತ್ಯಾ ನಕ್ಕು, "ನಿನ್ನ ಬಾಯಾಗಿನ ಮಾತು ಹೋಗಿ ಆಕಿ ಮನ್ಯಾಗ ಹಾಸಿಗಿ ಹಾಸೇತಿ ನೋಡು" ಎಂದ. ಆಯಿ ನಗಲಿಲ್ಲ. ಅದು ಬರೀ ನಮ್ಮ ಕಡೆಯ ರೂಢಿ ಎಂದು ತಿಳಿಸಿಬಿಡೋಣ ಎಂದು ಮುತ್ಯಾ ಬಿಡಿಸಿ ಹೇಳಿದ. ಹಿಂದಿರುಗಿದರೆ ಲಿಸ್ಬನ್ನಿಗೆ ಸಮಯವೇ ಉಳಿಯುವುದಿಲ್ಲ ಎಂದ. ಸಣ್ಣ ಊರಿಗಾಗಿ ಅಷ್ಟು ವಾದಿಸಿದ್ದ ಮನುಷ್ಯ ಈಗ ಅವಳ ಲಿಸ್ಬನ್ನಿಗಾಗಿ ಬೇಡಿಕೊಳ್ಳುತ್ತಿದ್ದ.

"ಬರತೇನಿ ಅಂದೇನ್ರಿ. ಆಕಿ ಹಾದಿ ನೋಡಾಕತ್ಯಾಳ," ಎಂದಳು ಆಯಿ. "ಗಾಡಿ ತಿರುವ್ರಿ."

ಆಲ್ಬರ್ಟೀನಾಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಕುರ್ಚಿ ಸರಿಸಿ, ಕಾಳು ಬೆಂದು ಬಹಳ ಹೊತ್ತಾಯಿತು ಎಂದಳು, ಅಷ್ಟೇ. ಆಯಿ ಅದೇ ಸೀರೆಯಲ್ಲಿ ಒಲೆಯ ಮುಂದೆ ಕೂತು ಒಗ್ಗರಣೆ ಹಾಕಿದಳು. ಆ ಎರಡು ದಿನ ನಕ್ಕಷ್ಟು ಅವಳು ನಕ್ಕಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

ನಮ್ಮ ಮನೆಯಲ್ಲಿ ಈ ಕತೆಯನ್ನು ಸಣ್ಣ ಊರು ಗೆದ್ದ ಕತೆ ಎಂಬಂತೆ ಹೇಳುತ್ತಾರೆ. ಆದರೆ ನಾನು ಹಿಂದಿನ ಸೀಟಿನಲ್ಲಿದ್ದೆ. ಗಾಡಿ ತಿರುಗಿದ ಮೇಲೆ ದಿಬ್ಬ ಮರೆಯಾಗುವವರೆಗೂ ಆಯಿ ಕುತ್ತಿಗೆ ಹೊರಳಿಸಿ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಬಂದರಾಯಿತು ಎಂದು ಮುತ್ಯಾ ಹೇಳಿದ್ದ. ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ನೀರು ಏರಿದ್ದರಿಂದ ಲಿಸ್ಬನ್ನಿನ ನದಿಬದಿಯ ಕೇರಿಗಳನ್ನೆಲ್ಲ ಮುಚ್ಚಿದರು. ಆ ಸುದ್ದಿ ಬಂದ ದಿನ ಆಯಿ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದು, ಮಡಿಕೆ ಬದಲಿಸಿ, ಮತ್ತೆ ಒಳಗಿಟ್ಟಳು. ಹೋದ ವರ್ಷ ಅವಳು ತೀರಿಕೊಂಡಳು.

ನೀವಿರುವ ಕಾಲದಲ್ಲಿ ಎರಡೂ ಇವೆ. ಸಣ್ಣ ಊರಲ್ಲಿ ಉಳಿಯಿರಿ, ಕೈ ಎತ್ತಿದವರಿಗೆ ಕೈ ಎತ್ತಿ. ಆದರೆ ದೊಡ್ಡ ಊರನ್ನು ಗದ್ದಲವೆಂದು ಬಯ್ದು ಬೇಗ ದಾಟಿಹೋಗಬೇಡಿ. ಆ ಗದ್ದಲ ಕೇಳಬೇಕೆಂದು ಇಂಡಿಯ ಒಬ್ಬ ಹೆಣ್ಣುಮಗಳು ಜೀವಮಾನವಿಡೀ ಆಸೆಪಟ್ಟಿದ್ದಳು. ಅವಳ ಪಾಲಿನ ಎರಡು ರಾತ್ರಿ ಲಿಸ್ಬನ್ನಿನಲ್ಲಿ ಹಾಗೆಯೇ ಉಳಿದಿವೆ. ದಯವಿಟ್ಟು ನೀವು ಬಳಸಿಕೊಳ್ಳಿ.

ನಿಮ್ಮ
ಬಾಳವ್ವ