ಕೆಂಪು ಬಂದರೆ ‘ಬಿಡು’ ಒತ್ತಿ

ಜೂನ್ 11, ಮಂಗಳವಾರ
ಬೆಳಗಿನ ತಿಂಡಿ, ಪುಟ್ಟು, ಬಾಯಿಗಿಡುವ ಮೊದಲೇ ಫೋನ್. ಔಷಧಿ ಅಂಗಡಿಗಳ ಅದೇ ರಗಳೆ. ಗುಟ್ಟು ಕದಿಯುವ ಸ್ಪೈವೇರ್ ಹಿಡಿಯಲೆಂದು ಕಂಪ್ಯೂಟರಿಗೆ ಹಾಕಿಕೊಂಡ ಆ ಸ್ಕ್ಯಾನರ್, ನಾನು ಬರೆದ ಬಿಲ್ಲಿಂಗ್ ಪ್ರೋಗ್ರಾಂ ಮೇಲೆ ಮತ್ತೆ ಕೆಂಪು ಡಬ್ಬಿ ತೋರಿಸಿದೆ. ‘ಅಪಾಯ. ಅಳಿಸಲೇ? ಬಿಡಲೇ?’

ಅಪಾಯವಂತೆ, ಅದರ ತಲೆ. ಬಾರ್‌ಕೋಡ್ ಗನ್ ಎಂದರೆ ಕಂಪ್ಯೂಟರಿಗೆ ಇನ್ನೊಂದು ಕೀಬೋರ್ಡ್. ಅದು ಒತ್ತಿದ್ದಕ್ಕೆ ಪ್ರೋಗ್ರಾಂ ಕಿವಿಗೊಡದಿದ್ದರೆ ಮಾತ್ರೆಯ ಹೆಸರು ಬಿಲ್ಲಿಗೆ ಬರುವುದು ಹೇಗೆ? ಅಷ್ಟಕ್ಕೇ, ಒತ್ತಿದ್ದನ್ನೆಲ್ಲ ಕದ್ದು ಕೇಳುತ್ತೇನೆಂದು ನನಗೆ ಕಳ್ಳಿ ಪಟ್ಟ.

ಸ್ಕ್ಯಾನರ್ ಕಂಪನಿಗೆ ಮತ್ತೆ ಬರೆದೆ. ಯಂತ್ರದ ಉತ್ತರ — ‘ಪರಿಶೀಲನೆಯಲ್ಲಿದೆ.’ ಪರಿಶೀಲಿಸುತ್ತಾ ಕೂತಿರಲಿ.

ಚೀಟಿ ಅಚ್ಚು ಹಾಕಿಸಿದೆ. ‘ಕೆಂಪು ಬಂದರೆ ಹೆದರಬೇಡಿ. “ಬಿಡು” ಒತ್ತಿ. — ರೋಸಿಲಿ.’ ಸ್ಕೂಟರಿನಲ್ಲಿ ತ್ರಿಶ್ಶೂರ್ ಸುತ್ತಿ ಎಲ್ಲ ಅಂಗಡಿಗಳ ಮಾನಿಟರ್‌ಗೂ ಅಂಟಿಸಿ ಬಂದೆ. ಲೋನಪ್ಪೇಟ್ಟನ ಅಂಗಡಿ ನನ್ನ ಮೊದಲ ಗಿರಾಕಿ. “ಕಣ್ಣು ಮುಚ್ಚಿ ಒತ್ತಿಬಿಡ್ತೀನಿ ಮೋಳೇ, ಮಗಳ ಮಾತು ಮೀರ್ತೀನಾ” ಎಂದರು.

ಜೂನ್ 19
ಪೌಲ್ಸನ್ ಎಂಬವನೊಬ್ಬ ನನಗೆ ಪೈಪೋಟಿಗೆ ಇಳಿದಿದ್ದಾನೆ. ಅವನದೂ ಒಂದು ಬಿಲ್ಲಿಂಗ್ ಪ್ರೋಗ್ರಾಂ. ಓಣಂ ತನಕ ಪುಕ್ಕಟೆ. ನನ್ನದರ ಪಕ್ಕದಲ್ಲೇ ಹಾಕಿ ಹೋಗುತ್ತಾನೆ, ‘ಸುಮ್ಮನೆ ಇರಲಿ, ನೋಡಿ’ ಎಂದು. ಲೋನಪ್ಪೇಟ್ಟನ ಅಂಗಡಿಯಲ್ಲಿ, ನಾನಿದ್ದಾಗಲೇ ಅಂದ —

“ರೋಸಿಲಿ ಚೇಚಿ ಒಳ್ಳೆಯವ್ರೇ ಬಿಡಿ. ಆದ್ರೂ... ಬೆಂಕಿ ಇಲ್ದೆ ಹೊಗೆ ಬರುತ್ತಾ?”

ಅಕ್ಕ ಎಂದು ಕರೆಯುತ್ತಲೇ ನಕ್ಕ. ಆ ನಗು ನೆನಪಿಟ್ಟುಕೊಳ್ಳುತ್ತೇನೆ.

ಜುಲೈ 8
ಸುಲೋಚನಾ ಟೀಚರ್. ನನಗೆ ಗಣಿತ ಕಲಿಸಿದವರು. ಲೋನಪ್ಪೇಟ್ಟನ ಅಂಗಡಿ ತುಂಬ ಜನ ಇರುವಾಗ ಕೇಳಿದರು —

“ನಾನು ಮನಸ್ಸಿನ ಕಾಯಿಲೆಗೆ ಮಾತ್ರೆ ನುಂಗ್ತೀನಿ ಅಂತ ನನ್ನ ಮಗನಿಗೇ ಗೊತ್ತಿಲ್ಲ. ಯಾವನೋ ಇನ್ಶೂರೆನ್ಸಿನವನು ಫೋನ್ ಮಾಡಿ ಮಾತ್ರೆ ಹೆಸರು ಹೇಳ್ತಾನೆ. ಅವನಿಗೆ ಹೇಗೆ ಗೊತ್ತಾಯ್ತು ರೋಸಿಲಿ?”

ನಾನಲ್ಲ ಎಂದೆ. ಯಾರು ನಂಬುತ್ತಾರೆ? ಕೆಂಪು ಡಬ್ಬಿಯನ್ನು ಎಲ್ಲರೂ ನೋಡಿದ್ದಾರೆ. ಪೌಲ್ಸನ್ ಅಲ್ಲೇ ನಿಂತು “ಪಾಪ, ಟೀಚರ್...” ಎಂದು ಲೊಚಗುಟ್ಟಿದ.

ಸಂಜೆಯೊಳಗೆ ಊರ ನಡುವಿನ ಸ್ವರಾಜ್ ರೌಂಡಿನ ಅಂಗಡಿಗಳೆಲ್ಲ ನನ್ನ ಪ್ರೋಗ್ರಾಂ ಕಿತ್ತು ಹಾಕಿ ಅವನದಕ್ಕೆ ಹಾರಿದವು.

ಜುಲೈ 9
ಊಟ ಸೇರಲಿಲ್ಲ. ಪೌಲ್ಸನ್ನನ ಮಾನವೂ ಹೀಗೇ ನಡುಬೀದಿಯಲ್ಲಿ ಹರಾಜಾಗಬೇಕು. ಅದನ್ನು ಕಣ್ಣಾರೆ ನೋಡಬೇಕು.

ಜುಲೈ 15
ನೋಡೇ ಬಿಡೋಣ. ಸ್ಕ್ಯಾನರ್ ಕಂಪನಿಗೆ ಯಾರು ಬೇಕಾದರೂ ದೂರು ಕಳಿಸಬಹುದು. ಅವನ ಪ್ರೋಗ್ರಾಂ ಕಳಿಸಿ ಬರೆದೆ — ಇದು ಸ್ಪೈವೇರ್, ಗಿರಾಕಿಗಳ ಗುಟ್ಟು ಕದಿಯುತ್ತದೆ. ಒಳಗೆ ಏನಿದೆಯೆಂದು ನಾನು ಬಿಚ್ಚಿ ನೋಡಿಲ್ಲ. ಬಾಯಿಗೆ ಬಂದ ಸುಳ್ಳು. ನನ್ನ ಮೇಲೆ ಬಿದ್ದ ಕೆಸರು ಅವನ ಮೇಲೂ ಬೀಳಲಿ. ಪಾಪ ತಟ್ಟಿದರೆ ತಟ್ಟಲಿ, ಪಳ್ಳಿಗೆ ಹೋಗಿ ಪಾದ್ರಿಯ ಕಿವಿಗೆ ಹಾಕುತ್ತೇನೆ. ಅವನು ನೆಲ ಕಚ್ಚಿದ ಮೇಲೆ.

ಜುಲೈ 27
ಈ ಸಲ ಯಂತ್ರವಲ್ಲ, ಮನುಷ್ಯನ ಉತ್ತರ. ಮತ್ತೆ ಮತ್ತೆ ಓದಿದೆ.

‘ನಿಮ್ಮ ದೂರು ನಿಜ. ಈ ಪ್ರೋಗ್ರಾಂ ಬಳಸದೆ ಸುಮ್ಮನೆ ಇಟ್ಟಿದ್ದರೂ ಔಷಧಿ ಕೊಂಡವರ ಹೆಸರು, ಫೋನ್ ನಂಬರ್, ಮಾತ್ರೆಯ ಹೆಸರು ಹೊರಗೆ ಕಳಿಸುತ್ತಿದೆ. ಇಂದಿನಿಂದ ಕೆಂಪು ತೋರಿಸುತ್ತೇವೆ. ನಿಮ್ಮ ಪ್ರೋಗ್ರಾಂ ಮೇಲಿನ ಗುರುತು ನಮ್ಮ ತಪ್ಪು. ತೆಗೆದಿದ್ದೇವೆ.’

ನಿಜ! ನಾನು ಹೇಳಿದ ಸುಳ್ಳು ನಿಜ. ಟೀಚರ್ ಗುಟ್ಟು ಮಾರಿದವನು ಅವನೇ. ಪಕ್ಕದಲ್ಲೇ ನಿಂತು ಲೊಚಗುಟ್ಟಿದನಲ್ಲ, ಹಾಳಾದವನು.

ಪೊರೋಟ, ಬೀಫ್ ತರಿಸಿ ಹೊಟ್ಟೆ ತುಂಬ ತಿಂದೆ. ನಾಳೆಯಿಂದ ಅವನ ಫೋನ್ ಬಡಿದುಕೊಳ್ಳಲಿ.

ಜುಲೈ 31
ಎಲ್ಲೂ ಗಲಾಟೆಯಿಲ್ಲ. ಯಾಕೆ?

ಅಂಗಡಿಗಳಿಗೆ ಹೋಗಿ ನೋಡಿದೆ. ಎಲ್ಲ ಕಡೆ ಅವನ ಪ್ರೋಗ್ರಾಂ ಮೇಲೆ ಕೆಂಪು ಬಂದಿದೆ. ಎಲ್ಲ ಕಡೆ ‘ಬಿಡು’ ಒತ್ತಿದ್ದಾರೆ. ನನ್ನ ಚೀಟಿ ಅಲ್ಲೇ ಮೆರೆಯುತ್ತಿದೆ. ಪೌಲ್ಸನ್ ಅದಕ್ಕೇ ಬೆರಳು ತೋರಿಸಿ ಹೇಳುತ್ತಾನಂತೆ — “ಚೇಚಿನೇ ಬರೆದು ಅಂಟಿಸಿದ್ದಾರಲ್ಲ. ಆ ಸ್ಕ್ಯಾನರಿಗೆ ತಲೆ ಕೆಟ್ಟಿದೆ.”

‘ತೋಳ ಬಂತು ತೋಳ’ ಕಥೆಯ ತೋಳ ನಿಜವಾಗಿ ಬಂದಿದೆ. ಬಂದರೆ ಬರಲಿ, ಮಲಗಿ ಎಂದು ಊರಿಗೆಲ್ಲ ಹೇಳಿಕೊಟ್ಟವಳು ನಾನು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಆಗಸ್ಟ್ 1
ಬೆಳಗಿನಿಂದ ಚೀಟಿ ಕೆರೆಯುವುದೇ ಕೆಲಸ. ಸೀಮೆಎಣ್ಣೆ, ಬ್ಲೇಡು, ಉಗುರು. ಒಬ್ಬ ಕೇಳಿದ — “ಅವತ್ತು ಬಿಡು ಅಂದ್ರಿ, ಇವತ್ತು ಅಳಿಸು ಅಂತೀರಿ. ಹೊಟ್ಟೆಕಿಚ್ಚಾ ಚೇಚಿ?” ಹೌದು ಎಂದೆ. ಹೊಟ್ಟೆಕಿಚ್ಚೂ ಹೌದು, ನಿಜವೂ ಹೌದು. ಕಂಪನಿಯ ಉತ್ತರ ತೋರಿಸಿದೆ. ಅದು ಇಂಗ್ಲಿಷಿನಲ್ಲಿದೆ, ಓದುವ ತಾಳ್ಮೆ ಯಾರಿಗಿದೆ.

ಆಗಸ್ಟ್ 2, ಸಂಜೆ
ಉಳಿದದ್ದು ಲೋನಪ್ಪೇಟ್ಟನ ಅಂಗಡಿ. ಹೋದರೆ ಪೌಲ್ಸನ್ ಸ್ಟೂಲಿನ ಮೇಲೆ ಚಹಾ ಕುಡಿಯುತ್ತಾ ಕೂತಿದ್ದ. ಸುಲೋಚನಾ ಟೀಚರ್ ಮಾತ್ರೆಗೆ ಬಂದಿದ್ದರು, ನನ್ನ ಮುಖ ನೋಡಲಿಲ್ಲ. ಲೋನಪ್ಪೇಟ್ಟ ಬಿಲ್ಲು ಹಾಕಲು ಹೋದರು. ಕೆಂಪು ಬಂತು. ಅವರ ಬೆರಳು ಅಭ್ಯಾಸಬಲದಿಂದ ‘ಬಿಡು’ ಕಡೆಗೆ...

ಕೈ ಹಿಡಿದೆ.

“ಕೈ ಬಿಡು ಮೋಳೇ, ಒತ್ತು ಅಂತ ನೀನೇ ಹೇಳಿದ್ದಲ್ವಾ?”

“ನಾನೇ ಹೇಳಿದ್ದು. ಅದು ನನ್ನ ಪ್ರೋಗ್ರಾಮಿಗೆ. ಇದು ಯಾರದು ಅಂತ ಒಂದ್ಸಲ ಓದಿ.”

“ಸ್ಕ್ಯಾನರಿಗೆ ಹುಚ್ಚು ಹಿಡಿದಿದೆ ಚೇಟ್ಟಾ, ಒತ್ತಿ,” ಎಂದ ಪೌಲ್ಸನ್. ಚಹಾ ಲೋಟ ಕೆಳಗಿಟ್ಟ.

ನಾನು ಫೋನಿನಲ್ಲಿದ್ದ ಕಂಪನಿಯ ಉತ್ತರವನ್ನು ಟೀಚರ್ ಮುಂದೆ ಹಿಡಿದೆ. ಕನ್ನಡಕ ಹಾಕಿಕೊಂಡು ಓದಿದರು. ಕೊನೆತನಕ ಓದಿದರು. ಆಮೇಲೆ ಕೌಂಟರ್ ಬಳಸಿ ಒಳಗೆ ಬಂದು ಕೆಂಪು ಡಬ್ಬಿಯ ಮುಂದೆ ನಿಂತರು.

“ಇದರಲ್ಲಿ ಯಾರ ಹೆಸರಿದೆ, ಓದು ರೋಸಿಲಿ,” ಎಂದರು, ಕ್ಲಾಸಿನಲ್ಲಿ ಹೇಳುತ್ತಿದ್ದ ಹಾಗೆಯೇ. “ಹಿಂದಿನ ಬೆಂಚಿಗೂ ಕೇಳಿಸ್ಬೇಕು.”

ಓದಿದೆ. ‘ಪೌಲ್ಸನ್ ಬಿಲ್ಲಿಂಗ್. ಅಪಾಯ’ ಎಂದು ಅಂಗಡಿ ಮುಂದಿನ ಜನವೆಲ್ಲ ತಿರುಗಿ ನೋಡುವ ಹಾಗೆ ಓದಿದೆ. ಪೌಲ್ಸನ್ ಬಾಗಿಲ ಕಡೆ ಸರಿದ. ಟೀಚರ್ ಕೌಂಟರಿನಿಂದ ಹೊರಬಂದು, ಅವನಿಗಿಂತ ಮೊದಲೇ ಬಾಗಿಲಿಗೆ ಅಡ್ಡ ನಿಂತು, ಕೈಯಲ್ಲಿದ್ದ ಕೊಡೆ ಎತ್ತಿ ಅವನ ಎದೆಗೆ ಒತ್ತಿ ಹಿಡಿದರು. ನನ್ನ ಹಿಂದೆ ಲೋನಪ್ಪೇಟ್ಟ ‘ಅಳಿಸು’ ಒತ್ತಿದರು.